ಪವಾಯಿ ಕೆರೆಯ ಮೂರು ಉಬ್ಬುಗಳು

ಪ್ರಶ್ನೆ: ನಮ್ಮದು ವಿಜಯಪುರದ ಕಡೆಯ ಕುಟುಂಬ, ಈಗ ಮುಂಬಯಿಯ ಚಾಂದಿವಲಿಯಲ್ಲಿದ್ದೇವೆ. ಜುಲೈ ತಿಂಗಳ ಒಂದು ಸಂಜೆ ಪವಾಯಿ ಕೆರೆಯ ದಂಡೆಯಲ್ಲಿ ನನ್ನ ಹತ್ತು ವರ್ಷದ ಮಗ ಮೊಬೈಲಿನಲ್ಲಿ ತೆಗೆದ ಹದಿನಾಲ್ಕು ಸೆಕೆಂಡಿನ ವಿಡಿಯೊ ಕಳುಹಿಸಿದ್ದೇನೆ. ನೀರಿನ ಮೇಲೆ ಮೂರು ಕಪ್ಪು ಉಬ್ಬುಗಳು ಸಾಲಾಗಿ ಸಾಗಿ ಮುಳುಗಿಬಿಡುತ್ತವೆ. ಕಟ್ಟಡದ ಮಕ್ಕಳು ಅದನ್ನು ‘ಪವಾಯಿಯ ನೆಸ್ಸಿ’ ಎನ್ನುತ್ತಿದ್ದಾರೆ, ಇಪ್ಪತ್ತು ಅಡಿ ಉದ್ದವಿತ್ತು ಎನ್ನುತ್ತಾರೆ. ನಮ್ಮ ಅತ್ತೆಯವರು ಹೇಳುವುದೇ ಬೇರೆ: ಪ್ರತಿ ಕೆರೆಯಲ್ಲೂ ಒಂದು ಇರುತ್ತದೆ, ವರ್ಷಕ್ಕೊಂದು ಆಹುತಿ ಕೇಳುತ್ತದೆ, ಅದರ ಹೆಸರು ಎತ್ತಬಾರದು. ಸ್ಕಾಟ್ಲೆಂಡಿನ ನೆಸ್ ಸರೋವರದ ಪ್ರಾಣಿಯಂಥದ್ದು ಇಲ್ಲಿರಲು ಸಾಧ್ಯವೇ? ಮಗನಿಗೆ ಏನು ಹೇಳಲಿ?

ಉತ್ತರ: ಅವನು ಕಂಡದ್ದು ನಿಜ ಎಂದು ಮೊದಲು ಹೇಳಿ. ನಿಮ್ಮ ಪತ್ರದ ಧಾಟಿಯಲ್ಲಿ, ಮಗ ಸುಳ್ಳಿಗೆ ಮರುಳಾಗಿದ್ದಾನೆಯೇ ಎಂಬ ಆತಂಕ ಕಾಣುತ್ತದೆ. ಇಲ್ಲ. ವಿಡಿಯೊದಲ್ಲಿರುವುದು ಜೀವವಿರುವ ಪ್ರಾಣಿ. ಹತ್ತು ವರ್ಷದ ಹುಡುಗ ಕೈ ಅಲುಗಿಸದೆ, ಕಿರುಚದೆ, ಅದು ಮುಳುಗಿದ ಮೇಲೂ ಎರಡು ಸೆಕೆಂಡು ನೀರನ್ನೇ ಹಿಡಿದಿಟ್ಟಿದ್ದಾನೆ. ಮೂವತ್ತು ವರ್ಷ ಈ ನಗರದಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ನನಗೆ ಅಂಥ ತಾಳ್ಮೆಯ ವಿದ್ಯಾರ್ಥಿಗಳು ಹೆಚ್ಚು ಸಿಕ್ಕಿಲ್ಲ.

ವಿಡಿಯೊವನ್ನು ದೊಡ್ಡ ಪರದೆಗೆ ಹಾಕಿಕೊಂಡು ತಡೆತಡೆದು ನೋಡಿದೆ. ಎಡಬದಿಯಲ್ಲಿ ಜಲಪರ್ಣಿಯ, ಅಂದರೆ ನೀರಿನ ಮೇಲೆ ತೇಲಿ ಹಬ್ಬುವ ಕಳೆಗಿಡದ, ಒಂದು ದೊಡ್ಡ ಮೆತ್ತೆ ಗಾಳಿಗೆ ಬಲಕ್ಕೆ ತೇಲುತ್ತಿದೆ. ಉಬ್ಬುಗಳು ಎಡಕ್ಕೆ ಹೋಗುತ್ತಿವೆ. ದಿಮ್ಮಿಯಾಗಲಿ ಕೊಳೆತ ಗಿಡದ ಮುದ್ದೆಯಾಗಲಿ ಗಾಳಿಗೆ ಎದುರು ಹೋಗುವುದಿಲ್ಲ. ದೋಣಿ ಹೋದ ಎಷ್ಟೋ ಹೊತ್ತಿನ ಮೇಲೆ ದಂಡೆಗೆ ಬರುವ ಅಲೆಗಳು ಇಂಥ ಕಪ್ಪು ಉಬ್ಬುಗಳಂತೆ ಕಾಣುವುದುಂಟು. ಆದರೆ ಅಲೆಯ ಉಬ್ಬುಗಳು ಅಡ್ಡಡ್ಡವಾಗಿ ಹರಡಿಕೊಳ್ಳುತ್ತವೆ, ಒಂದರ ಹಿಂದೆ ಒಂದು ಅದೇ ಅಂತರ ಕಾಯ್ದುಕೊಂಡು ಸಾಗುವುದಿಲ್ಲ. ನೀರುನಾಯಿಗಳು ಸಾಲಾಗಿ ಈಜುವಾಗ ಒಂದೇ ಉದ್ದನೆಯ ಪ್ರಾಣಿಯಂತೆ ಕಾಣುತ್ತವೆ. ತುಂಗಭದ್ರೆಯ ದಂಡೆಯಲ್ಲಿ ನಿಂತು ನೋಡಿದವರಿಗೆ ಅದು ಗೊತ್ತು. ಆದರೆ ಅವುಗಳ ಬೆನ್ನು ಏಳುತ್ತ ಬೀಳುತ್ತ ಹೋಗುತ್ತದೆ, ಇಲ್ಲಿ ಅಂಥ ಏರಿಳಿತವಿಲ್ಲ. ಹಾವಕ್ಕಿ ಮೈಯನ್ನೆಲ್ಲ ನೀರಿನೊಳಗಿಟ್ಟು ಬಳುಕುವ ಕತ್ತನ್ನಷ್ಟೇ ಮೇಲೆತ್ತಿ ಈಜುತ್ತದೆ. ಸಂಜೆಗತ್ತಲಲ್ಲಿ ಅದನ್ನು ಕಂಡವರು ಉದ್ದ ಕುತ್ತಿಗೆಯ ವಿಚಿತ್ರ ಜೀವಿ ಎಂದರೆ ನಾನು ಅವರನ್ನು ದೂರುವುದಿಲ್ಲ. ನಿಮ್ಮ ಮಗನ ವಿಡಿಯೊದಲ್ಲಿ ಕತ್ತೂ ಇಲ್ಲ.

ಇರುವುದು ಇಷ್ಟು: ಮುಂದೆ ಒಂದು ಚಿಕ್ಕ ಉಬ್ಬು, ಸ್ವಲ್ಪ ಹಿಂದೆ ಅಗಲವಾದ ಇನ್ನೊಂದು, ಬಹಳ ಹಿಂದೆ ಹಲ್ಲುಹಲ್ಲಾದ ಮೂರನೆಯದು. ತಲೆ, ಬೆನ್ನು, ಬಾಲದ ಗರಗಸ. ಕೊನೆಗೆ ಒಂದು ಹನಿಯೂ ಸಿಡಿಯದಂತೆ ಮೂರೂ ಒಟ್ಟಿಗೆ ಇಳಿದುಹೋಗುತ್ತವೆ. ಮೀನಾಗಿದ್ದರೆ ಬಾಲ ಬಡಿಯುತ್ತಿತ್ತು, ಹಕ್ಕಿಯಾಗಿದ್ದರೆ ಮುಂದಕ್ಕೆ ಮುಗ್ಗರಿಸಿ ಮುಳುಗುತ್ತಿತ್ತು. ನಿಂತಲ್ಲೇ ಸದ್ದಿಲ್ಲದೆ ಹೀಗೆ ಇಳಿಯುವುದು ಮೊಸಳೆ.

ಇಪ್ಪತ್ತು ಅಡಿಯ ಮಾತಿಗೆ ಬರೋಣ. ಬಯಲು ನೀರಿನ ಮೇಲೆ ಕಣ್ಣಿಗೆ ಅಳತೆಗೋಲು ಇರುವುದಿಲ್ಲ. ಪಕ್ಕದಲ್ಲಿ ಮರವಿಲ್ಲ, ಮನೆಯಿಲ್ಲ, ಮನುಷ್ಯನಿಲ್ಲ. ದೂರ ಎಷ್ಟೆಂದು ತಿಳಿಯದಿದ್ದರೆ ಗಾತ್ರವೂ ತಿಳಿಯದು, ಹೆದರಿಕೆಯಿದ್ದರೆ ಎರಡೂ ಹಿಗ್ಗುತ್ತವೆ. ಅದೃಷ್ಟಕ್ಕೆ ಇಲ್ಲಿ ಒಂದು ಸಾಕ್ಷಿ ಇದೆ. ಒಂಬತ್ತನೆಯ ಸೆಕೆಂಡಿನಲ್ಲಿ ಪ್ರಾಣಿ ಜಲಪರ್ಣಿಯ ಅಂಚಿಗೆ ಬಂದಾಗ, ಆ ಎಲೆಗಳ ಮೇಲೆ ಒಂದು ಬೆಳ್ಳಕ್ಕಿ ನಿಂತಿದೆ. ಬೆಳ್ಳಕ್ಕಿಯ ಎತ್ತರ ಸುಮಾರು ಎರಡು ಅಡಿ ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆದರೆ ಮೊದಲ ಉಬ್ಬು, ಅಂದರೆ ತಲೆ, ಹಕ್ಕಿಯ ಎತ್ತರದ ಮೂರನೆಯ ಎರಡು ಪಾಲಿನಷ್ಟಿದೆ. ಮೊಸಳೆಯ ಒಟ್ಟು ಉದ್ದ ಹೆಚ್ಚುಕಡಿಮೆ ಅದರ ತಲೆಯ ಏಳರಷ್ಟು. ಲೆಕ್ಕ ಹಾಕಿದರೆ ಒಂಬತ್ತು ಅಡಿಯ ಆಸುಪಾಸಿಗೆ ಬರುತ್ತದೆ. ಈ ಲೆಕ್ಕವನ್ನು ಮಗನ ಕೈಯಿಂದಲೇ ಮಾಡಿಸಿ. ಉತ್ತರ ಚಿಕ್ಕದಾಯಿತೆಂದು ಅವನು ಬೇಸರಪಟ್ಟರೆ, ಮನೆಯ ನೆಲದ ಮೇಲೆ ಒಂಬತ್ತು ಅಡಿ ಅಳೆದು ಸೀಮೆಸುಣ್ಣದಲ್ಲಿ ಗೀಟು ಹಾಕಿಸಿ. ಆಗ ಚಿಕ್ಕದೆನಿಸುವುದಿಲ್ಲ.

ನೆಸ್ ಸರೋವರದ ವಿಷಯ ಕೇಳಿದ್ದೀರಿ. ಯಾವ ಕೆರೆಯಲ್ಲಿ ಯಾವ ಅದ್ಭುತ ಪ್ರಾಣಿ ಇದೆಯೆಂದು ಯಾರೇ ಹೇಳಲಿ, ನಾನು ಮೊದಲು ಕೇಳುವುದು ಆ ನೀರಿಗೆ ಎಷ್ಟು ವಯಸ್ಸು ಎಂದು. ಪವಾಯಿ ಕೆರೆ 1891ರಲ್ಲಿ ಮುಗಿದದ್ದು, ಮುಂಬಯಿಗೆ ಕುಡಿಯುವ ನೀರು ಸಾಲದೆ ಕಣಿವೆಗೆ ಒಡ್ಡು ಹಾಕಿ ಕಟ್ಟಿದ್ದು. ಪಕ್ಕದ ವಿಹಾರ ಕೆರೆ 1860ರದು, ತುಳಸಿ ಕೆರೆ 1879ರದು. ಪವಾಯಿಯ ನೀರು ಕುಡಿಯಲು ತಕ್ಕದ್ದಲ್ಲವೆಂದು ಬೇಗನೆ ಬಿಟ್ಟುಬಿಟ್ಟರು. ಅದರ ಅತಿ ಆಳದ ಜಾಗವೂ ಹನ್ನೆರಡು ಮೀಟರಿನಷ್ಟೇ, ಹೂಳು ತುಂಬಿದ ಅಂಚುಗಳಲ್ಲಿ ಮೂರು ಮೀಟರು ಸಿಕ್ಕರೆ ಹೆಚ್ಚು. ಇಂಥ ನೀರಿನಲ್ಲಿ ಕೋಟಿ ವರ್ಷದ ಹಿಂದಿನ ಜೀವಿ ಅಡಗಿ ಕೂರಲು ಕೆರೆಯೇ ಅಷ್ಟು ಹಳೆಯದಲ್ಲ.

ನೆಸ್ ಸರೋವರ ಇದಕ್ಕಿಂತ ಎಷ್ಟೋ ದೊಡ್ಡದು. ಉದ್ದ 37 ಕಿಲೊಮೀಟರು, ಆಳ 230 ಮೀಟರಿನಷ್ಟು. ಸುತ್ತಲಿನ ಜೌಗುನೆಲದ ಕೊಳೆತ ಸಸ್ಯಮಣ್ಣು ಕರಗಿ ನೀರು ಕಷಾಯದ ಬಣ್ಣಕ್ಕೆ ತಿರುಗಿದೆ, ಕೆಲವು ಮೀಟರು ಕೆಳಗೆ ಹೋದರೆ ಕತ್ತಲೆ. ಮನುಷ್ಯನ ಕಲ್ಪನೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಆದರೆ ವಯಸ್ಸಿನ ಪ್ರಶ್ನೆಗೆ ಅದೂ ಉತ್ತರಿಸಲಾರದು. ಕೊನೆಯ ಹಿಮಯುಗದಲ್ಲಿ ಆ ಕಣಿವೆ ಪೂರ್ತಿ ಮಂಜುಗಡ್ಡೆಯ ಅಡಿಯಲ್ಲಿತ್ತು. ಸರೋವರವಾಗಿ ನಿಂತು ಹತ್ತು ಸಾವಿರ ವರ್ಷಗಳಷ್ಟೇ ಆಗಿವೆ. ಜನ ಹೇಳುವ ಆ ಉದ್ದ ಕುತ್ತಿಗೆಯ ಜಲಸರೀಸೃಪಗಳು ಆರೂವರೆ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಗಿದ್ದವು. ಜೊತೆಗೆ ಆಳದ ನೀರು ವರ್ಷವಿಡೀ ಐದಾರು ಡಿಗ್ರಿಯ ಚಳಿಯಲ್ಲಿರುತ್ತದೆ, ಬಿಸಿಲು ಕಾಯಿಸಿಕೊಳ್ಳುವ ಸರೀಸೃಪಕ್ಕೆ ಅದು ಮನೆಯಾಗದು. ಇನ್ನು, ಒಂದೇ ಪ್ರಾಣಿ ಸಾವಿರದೈನೂರು ವರ್ಷ ಬದುಕುವುದಿಲ್ಲ. ಗಂಡು, ಹೆಣ್ಣು, ಮರಿ, ಸತ್ತವುಗಳ ಮೂಳೆ, ಅವುಗಳಿಗೆಲ್ಲ ಹೊಟ್ಟೆತುಂಬ ಮೀನು, ಎಲ್ಲವೂ ಬೇಕು.

ಸಾವಿರದೈನೂರು ವರ್ಷ ಎಂದದ್ದು ಸಂತ ಕೊಲಂಬಾನ ಕಥೆಯಿಂದಾಗಿ. ಆರನೆಯ ಶತಮಾನದಲ್ಲಿ ಅವನು ಒಂದು ಜಲಮೃಗವನ್ನು ಶಿಲುಬೆಯ ಸನ್ನೆಯಿಂದ ಓಡಿಸಿದನೆಂದು, ಅವನು ತೀರಿಕೊಂಡ ಸುಮಾರು ನೂರು ವರ್ಷಗಳ ಮೇಲೆ ಬರೆದ ಚರಿತ್ರೆಯಲ್ಲಿದೆ. ಆ ಕಥೆ ನಡೆಯುವುದು ನೆಸ್ ನದಿಯಲ್ಲಿ, ಸರೋವರದಲ್ಲಿ ಅಲ್ಲ. ಇಂದು ಜಗತ್ತಿಗೆ ಗೊತ್ತಿರುವ ನೆಸ್ಸಿ ಹುಟ್ಟಿದ್ದು 1933ರ ಮೇ ತಿಂಗಳಲ್ಲಿ, ಇನ್ವರ್ನೆಸ್ ಪಟ್ಟಣದ ಒಂದು ಪತ್ರಿಕೆಯ ವರದಿಯಿಂದ. ಅದೇ ವರ್ಷದ ಕೊನೆಗೆ ಲಂಡನ್ನಿನ ದೊಡ್ಡ ಪತ್ರಿಕೆಯೊಂದು ಬೇಟೆಗಾರನೊಬ್ಬನನ್ನು ಕಳುಹಿಸಿತು. ಅವನಿಗೆ ದಂಡೆಯಲ್ಲಿ ಭಾರಿ ಹೆಜ್ಜೆಗುರುತುಗಳು ಸಿಕ್ಕವು. ಪರೀಕ್ಷಿಸಿದರೆ ಅವು ಒಣಗಿಸಿಟ್ಟ ನೀರಾನೆಯ ಕಾಲೊಂದರಿಂದ ಒತ್ತಿದ ಗುರುತುಗಳು. 1934ರ ಏಪ್ರಿಲ್‌ನಲ್ಲಿ ಅಚ್ಚಾದ, ನೀರಿನಿಂದ ಕತ್ತು ಎತ್ತಿದ ಆ ಪ್ರಸಿದ್ಧ ಚಿತ್ರವನ್ನು ನಿಮ್ಮ ಮಗನೂ ನೋಡಿರುತ್ತಾನೆ. ಲಂಡನ್ನಿನ ವೈದ್ಯರೊಬ್ಬರ ಹೆಸರಿನಲ್ಲಿ ಬಂದದ್ದರಿಂದ ಜನ ಅದನ್ನು ಅರವತ್ತು ವರ್ಷ ನಂಬಿದರು. ಆಟಿಕೆಯ ಜಲಾಂತರ್ಗಾಮಿಯ ಮೇಲೆ ಕತ್ತು, ತಲೆ ಮೆತ್ತಿ ಮಾಡಿದ ಬೊಂಬೆ ಅದೆಂಬುದು 1994ರಲ್ಲಿ ಹೊರಬಿತ್ತು. ಅದನ್ನು ಮಾಡಿಸಿದವನು ಅದೇ ಬೇಟೆಗಾರ.

ಈ ಮೋಸಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲೆ ನಡೆದ ಹುಡುಕಾಟ. 1987ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ಸಾಲುಗಟ್ಟಿ, ಶಬ್ದತರಂಗದ ಉಪಕರಣಗಳಿಂದ ಸರೋವರವನ್ನು ಒಂದು ತುದಿಯಿಂದ ಬಾಚಿದಂತೆ ಬಾಚಿದವು. 2018ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮ್ಮೆಲ್ ಅವರ ತಂಡ ಬೇರೆ ದಾರಿ ಹಿಡಿಯಿತು. ನೀರಿನಲ್ಲಿರುವ ಪ್ರತಿ ಜೀವಿಯೂ ಚರ್ಮದ ಪುಡಿ, ಲೋಳೆ, ಮಲದ ಮೂಲಕ ತನ್ನ ಡಿಎನ್‌ಎಯನ್ನು ಅಲ್ಲೇ ಬಿಡುತ್ತದೆ. ಬೇರೆ ಬೇರೆ ಜಾಗ, ಬೇರೆ ಬೇರೆ ಆಳಗಳಿಂದ 250ರಷ್ಟು ನೀರಿನ ಮಾದರಿ ತೆಗೆದು ಅವರು ಅದನ್ನು ಓದಿದರು. ಮರುವರ್ಷ ಫಲಿತಾಂಶ ಬಂತು: ಸರೀಸೃಪದ ಸುಳಿವೇ ಇಲ್ಲ, ಹಾವುಮೀನಿನ ಡಿಎನ್‌ಎ ಮಾತ್ರ ಬೇಕಾದಷ್ಟು. ಕಣ್ಣಿಗೆ ಕಾಣದ ಪ್ರಾಣಿಯನ್ನು ಒಂದು ಸೀಸೆ ನೀರಿನಲ್ಲಿ ಗುರುತಿಸಬಹುದು ಎಂಬ ಸಂಗತಿಯೇ ನನಗೆ ನೆಸ್ಸಿಗಿಂತ ದೊಡ್ಡ ವಿಸ್ಮಯ. ಹಾಗೆಯೇ ಪವಾಯಿಯಿಂದ ನೀರು ತುಂಬಿಕೊಂಡು ಹೋದರೆ ನಮ್ಮ ಸೀಸೆಗಳಲ್ಲಿ ಸರೀಸೃಪ ಸಿಕ್ಕೇ ಸಿಗುತ್ತದೆ.

ಅದರ ಹೆಸರನ್ನು ಸರಿಯಾಗಿ ಹೇಳುತ್ತೇನೆ. ಸಂಸ್ಕೃತದ ಮಕರ ಹಿಂದಿ ಮರಾಠಿಗಳಲ್ಲಿ ಮಗರ ಆಯಿತು, ಅದನ್ನು ಕೇಳಿಸಿಕೊಂಡ ಇಂಗ್ಲಿಷರು ಮಗ್ಗರ್ ಎಂದರು. ಇಂದು ವಿಜ್ಞಾನದ ಬರಹಗಳಲ್ಲಿ ನಮ್ಮ ಜೌಗು ಮೊಸಳೆಗೆ ಇರುವುದು ಅದೇ ಹೆಸರು. ಬೇಲೂರು, ಹಳೇಬೀಡಿನ ಗೋಡೆಗಳಲ್ಲಿ ಮಕರವನ್ನು ನೀವು ಕಂಡಿರಬೇಕು: ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನ ಬಾಲ. ಗಂಗೆಯ ವಾಹನವೂ ಅದೇ. ನಮ್ಮ ಶಿಲ್ಪಿಗಳು ಕಡೆದ ಆ ವಿಚಿತ್ರಮೃಗದ ಬಾಯಿಯೊಳಗೆ ನಿಜವಾದ ಪ್ರಾಣಿಯೊಂದರ ಹಲ್ಲುಗಳಿವೆ.

ಪವಾಯಿ, ವಿಹಾರ, ತುಳಸಿ ಮೂರೂ ಕೆರೆಗಳಲ್ಲಿ ಅವು ಇವೆ. ಕೋಟಿಗಟ್ಟಲೆ ಜನರ ಊರಿನ ನಡುವೆ, ಎತ್ತರದ ಕಟ್ಟಡಗಳ ನೆರಳಿನಲ್ಲಿ, ಒಂದು ಬದಿಗೆ ಐಐಟಿ, ಇನ್ನೊಂದು ಬದಿಗೆ ಹಗಲು ರಾತ್ರಿ ಲಾರಿ ಓಡುವ ರಸ್ತೆ, ಅವುಗಳ ಮಧ್ಯೆ ಇದು ಮೊಟ್ಟೆಯಿಟ್ಟು ಮರಿ ಮಾಡುತ್ತಿದೆ. ಚಳಿಗಾಲ ಕಳೆಯುತ್ತಿದ್ದಂತೆ ಹೆಣ್ಣು ದಂಡೆಯ ಮೇಲೆ ಗುಳಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆ ಇಡುತ್ತದೆ. ಒಳಗಿರುವುದು ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಬಿಸಿ ತೀರ್ಮಾನಿಸುತ್ತದೆ. ಮಳೆಗಾಲದ ಹೊತ್ತಿಗೆ ಮರಿಗಳು ಮೊಟ್ಟೆಯೊಳಗಿಂದಲೇ ಕೂಗಲು ತೊಡಗಿದಾಗ ತಾಯಿ ಬಂದು ಮಣ್ಣು ಕೆದರಿ, ಎಮ್ಮೆಯ ಮೂಳೆ ಮುರಿಯಬಲ್ಲ ಅದೇ ದವಡೆಯಲ್ಲಿ ಅವನ್ನು ಮೃದುವಾಗಿ ಹಿಡಿದು ನೀರಿಗೆ ಒಯ್ಯುತ್ತದೆ. ಇನ್ನೊಂದು ಸಂಗತಿ ನಿಮ್ಮ ಮಗನಿಗೆ ಖಂಡಿತ ಹೇಳಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಈ ಮೊಸಳೆಗಳು ಮೂತಿಯ ಮೇಲೆ ಕಡ್ಡಿಗಳನ್ನು ಇಟ್ಟುಕೊಂಡು ಅಲುಗಾಡದೆ ತೇಲುವುದನ್ನು ಮದರಾಸು ಮೊಸಳೆ ಬ್ಯಾಂಕಿನಲ್ಲಿ ನೋಡಿ 2013ರಲ್ಲಿ ಪ್ರಕಟಿಸಿದ್ದಾರೆ. ಗೂಡಿಗೆ ಕಡ್ಡಿ ಹುಡುಕುವ ಬೆಳ್ಳಕ್ಕಿ ಹತ್ತಿರ ಬಂದರೆ ಮುಗಿಯಿತು. ಸರೀಸೃಪವೊಂದು ಕಡ್ಡಿಯನ್ನು ಗಾಳದಂತೆ ಬಳಸುತ್ತದೆಂದು ಅದಕ್ಕೆ ಮೊದಲು ಯಾರೂ ಎಣಿಸಿರಲಿಲ್ಲ.

ಈಗ ನಿಮ್ಮ ಅತ್ತೆಯವರ ಮಾತು. ದಯವಿಟ್ಟು ಅದನ್ನು ಮೂಢನಂಬಿಕೆ ಎಂದು ಮಗನ ಮುಂದೆ ತಳ್ಳಿಹಾಕಬೇಡಿ. ಅವರು ಬಂದದ್ದು ಕೃಷ್ಣೆ ಭೀಮೆಯರ ನಾಡಿನಿಂದ. ಕೃಷ್ಣೆಯಲ್ಲಿ ಇಂದಿಗೂ ಮೊಸಳೆಗಳಿವೆ, ಪ್ರವಾಹ ಬಂದಾಗ ಹೊಲಕ್ಕೂ ಊರಿಗೂ ಬರುತ್ತವೆ. ಹೆಸರೆತ್ತದೆ ‘ಒಂದು ಇರುತ್ತದೆ’ ಎನ್ನುವ ರೂಢಿ ಹುಲಿಯ ಬಗ್ಗೆ, ಹಾವಿನ ಬಗ್ಗೆ ಕೂಡ ನಮ್ಮ ಹಳ್ಳಿಗಳಲ್ಲಿದೆ. ಅದರಲ್ಲಿ ಭಯವಷ್ಟೇ ಅಲ್ಲ, ಮರ್ಯಾದೆಯೂ ಇದೆ. ಮಹಾರಾಷ್ಟ್ರದ ಬಾವಿ, ಮಡುಗಳ ಬಳಿ ಕುಂಕುಮ ಹಚ್ಚಿದ ಏಳು ಕಲ್ಲುಗಳನ್ನು ನೀವು ನೋಡಿರಬಹುದು. ಅವರು ‘ಸಾತಿ ಆಸರಾ’, ನೀರಿನ ಏಳು ದೇವತೆಯರು. ನೀರಿಗೆ ಒಡತಿಯರಿದ್ದಾರೆ, ಕೇಳದೆ ಇಳಿಯಬಾರದು ಎಂಬ ತಿಳಿವಳಿಕೆ ಅದು.

ಗೋವೆಯಲ್ಲಿ ಇದಕ್ಕಿಂತ ನೇರವಾದ ಆಚರಣೆಯಿದೆ, ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಮಾಂಡವಿ, ಜುವಾರಿ ನದಿಗಳನ್ನು ಜೋಡಿಸುವ ಕುಂಬಾರಜುವೆ ಕಾಲುವೆಯಲ್ಲಿ, ಸಾಮಾನ್ಯವಾಗಿ ಸಿಹಿನೀರಿನ ಪ್ರಾಣಿಯಾದ ಈ ಮೊಸಳೆ ಉಪ್ಪು ಬೆರೆತ ನೀರಿನಲ್ಲೇ ಬಾಳುತ್ತದೆ. ಆ ಕಡೆಯ ಫೋಂಡಾ ತಾಲ್ಲೂಕಿನ ದುರ್ಭಾಟ್‌ನಲ್ಲಿ ಪುಷ್ಯ ಅಮಾವಾಸ್ಯೆಯ ದಿನ ಜನ ಗದ್ದೆಯ ಕೆಸರಿನಿಂದ ಮೊಸಳೆಯ ರೂಪ ಮಾಡಿ, ಕಡ್ಡಿ ಚಿಪ್ಪುಗಳಿಂದ ಅದಕ್ಕೆ ಹಲ್ಲು, ಚರ್ಮದ ಗಂಟು ಮೂಡಿಸಿ, ಹೂವಿಟ್ಟು ಪೂಜಿಸುತ್ತಾರೆ. ‘ಮಾಂಗೆ ಥಾಪ್ನಿ’ ಎಂದು ಅದರ ಹೆಸರು. ಮಾಂಗೆ ಎಂದರೆ ಕೊಂಕಣಿಯಲ್ಲಿ ಮೊಸಳೆ. ನಮ್ಮ ಉತ್ತರ ಕನ್ನಡದವರು ಗಜನಿ ಎನ್ನುವಂಥ ಹಿನ್ನೀರಿನ ಗದ್ದೆಗಳು ಅವು, ಒಡ್ಡು ಒಡೆದರೆ ಉಪ್ಪುನೀರು ನುಗ್ಗಿ ಬೆಳೆ ಹಾಳು. ಆ ಒಡ್ಡುಗಳ ಪಕ್ಕದಲ್ಲಿ ಮಲಗುವ ಪ್ರಾಣಿಯನ್ನು ಅವರು ಕೊಲ್ಲಲಿಲ್ಲ, ಗದ್ದೆಯ ಕಾವಲಿಗೆ ನಿಂತ ದೈವವೆಂದು ಕಂಡರು.

‘ವರ್ಷಕ್ಕೊಂದು ಆಹುತಿ’ ಎಂಬ ಮಾತಿನ ಹಿಂದೆ ನಿಜವಾದ ಸಾವುಗಳಿವೆ, ಆದರೆ ಅವುಗಳಿಗೆ ಕಾರಣ ಬಹುಮಟ್ಟಿಗೆ ಮೊಸಳೆಯಲ್ಲ. ಮಳೆಗಾಲದಲ್ಲಿ ದಂಡೆಯ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಹೂಳು ಮೇಲಿನಿಂದ ಗಟ್ಟಿ ನೆಲದಂತೆ ಕಂಡು ಮೊಣಕಾಲಿನವರೆಗೆ ನುಂಗುತ್ತದೆ. ಜಲಪರ್ಣಿಯ ಬೇರುಗಳು ಕಾಲಿಗೆ ತೊಡರುತ್ತವೆ, ಈಜು ಬಲ್ಲವನೂ ಅದರಲ್ಲಿ ಸೋಲುತ್ತಾನೆ. ಮುಳುಗುವವರು ಹೆಚ್ಚಾಗಿ ಕೂಗುವುದೇ ಇಲ್ಲ, ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಬಿಡುವಿರುವುದಿಲ್ಲ. ದಂಡೆಯಲ್ಲಿ ನಿಂತವರಿಗೆ, ಯಾವುದೋ ಕೈ ಸದ್ದಿಲ್ಲದೆ ಎಳೆದುಕೊಂಡಂತೆ ತೋರುತ್ತದೆ. ಅತ್ತೆಯವರ ತಲೆಮಾರು ಇದನ್ನು ಕಣ್ಣಾರೆ ಕಂಡು ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿತು.

ಹಾಗೆಂದು ಮೊಸಳೆಯನ್ನು ಸಾಕುಪ್ರಾಣಿಯಂತೆ ಕಾಣುವುದೂ ತಪ್ಪು. ಮಸುಕು ಬೆಳಕಿನಲ್ಲಿ ನೀರಿನ ಅಂಚಿಗೆ ಹೋಗಬಾರದು, ಅಲ್ಲಿ ಕುಕ್ಕುರುಗಾಲಿನಲ್ಲಿ ಕೂರಬಾರದು. ಕೂತ ಮಗು ಅದರ ಕಣ್ಣಿಗೆ ನಾಯಿಯಷ್ಟೇ ಗಾತ್ರ. ಮೀನಿಗೆಂದು ಬ್ರೆಡ್ಡು ಎಸೆಯುವುದನ್ನು ನಿಲ್ಲಿಸಿ, ಮೀನು ಸೇರುವಲ್ಲಿ ಮೊಸಳೆಯೂ ಬರುತ್ತದೆ. ಗಣಪತಿ ವಿಸರ್ಜನೆಯ ದಿನ ಘಾಟಿನಲ್ಲಿ ಸ್ವಯಂಸೇವಕರು ಹೇಳಿದಷ್ಟೇ ದೂರಕ್ಕೆ ಹೋಗಿ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ದಂಡೆಯ ಪೊದೆಗಳಿಗೆ ಕಾಲಿಡಬೇಡಿ, ಗೂಡು ಕಾಯುವ ತಾಯಿ ಸಹಿಸುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು, ಹುಲಿಗೆ ಇರುವಷ್ಟೇ ರಕ್ಷಣೆ ಕಾನೂನಿನಲ್ಲಿ ಇದಕ್ಕೂ ಇದೆ.

ಕಾನೂನಿನ ಮಾತು ಬಂದದ್ದರಿಂದ ಇದನ್ನೂ ತಿಳಿಸುತ್ತೇನೆ. ಕೆರೆಯ ಸುತ್ತ ಸೈಕಲ್ ಪಥ ಮಾಡಲು ದಂಡೆಯಲ್ಲಿ ಕಲ್ಲು ತುಂಬುವ ಕೆಲಸ ನಡೆದಿತ್ತು. ಮೊಸಳೆ ಬಿಸಿಲು ಕಾಯುವ, ಮೊಟ್ಟೆಯಿಡುವ ಮಣ್ಣಿನ ಇಳಿಜಾರು ಅದೇ. ಐಐಟಿಯ ಸಂಶೋಧನಾ ವಿದ್ಯಾರ್ಥಿಗಳೂ ಸೇರಿ ಕೆಲವರು ಮುಂಬಯಿ ಹೈಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ಕೆಲಸ ಕಾನೂನುಬಾಹಿರವೆಂದು ಹೇಳಿ, ತುಂಬಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಆ ಸುದ್ದಿ ಓದಿದ ಬೆಳಿಗ್ಗೆ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕೊಳಚೆ ನೀರು ಸೇರಿ ಸೇರಿ ಜಲಪರ್ಣಿ ಹಬ್ಬಿರುವ ಈ ಕೆರೆಯಲ್ಲಿ ಮೊಸಳೆ ಇನ್ನೂ ಉಳಿದಿದೆ ಎಂದರೆ ಅದಕ್ಕೆ ಉಳಿದಿರುವ ಆ ಚೂರುಪಾರು ಮಣ್ಣಿನ ದಂಡೆಯೇ ಕಾರಣ.

ನಿಮ್ಮ ಮಗನಿಗೆ ಒಂದು ಕೆಲಸ ಕೊಡುತ್ತೇನೆ. ಡಿಸೆಂಬರ್ ಬರಲಿ. ರಾತ್ರಿಯ ಚಳಿಗೆ ಮೈ ತಣ್ಣಗಾದ ಮೊಸಳೆ ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ದಂಡೆಗೋ ಕೆರೆಯ ನಡುವಿನ ದಿಬ್ಬಕ್ಕೋ ಬಂದು ಬಾಯಿ ತೆರೆದು ಮಲಗುತ್ತದೆ. ಎಂಟೂವರೆಯಿಂದ ಹನ್ನೊಂದರ ನಡುವೆ, ರಸ್ತೆ ಬದಿಯ ಬೇಲಿಯ ಈಚೆ ನಿಂತು, ಒಂದು ದುರ್ಬೀನಿನಿಂದ ನೋಡಲಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಗಂಟೆ, ಗಾಳಿ ಯಾವ ಕಡೆಯಿಂದ, ಪಕ್ಕದಲ್ಲಿ ಯಾವ ಹಕ್ಕಿ, ತಲೆಯ ಉದ್ದ ಹಕ್ಕಿಯ ಎಷ್ಟು ಪಾಲು ಎಂದು ಬರೆಯಲಿ. ಏನೂ ಕಾಣದ ದಿನ ‘ಏನೂ ಕಾಣಲಿಲ್ಲ’ ಎಂದು ಬರೆಯುವುದನ್ನು ಮರೆಯಬಾರದು, ಆ ದಿನಗಳ ಲೆಕ್ಕವೂ ನನಗೆ ಬೇಕು. ಮಾರ್ಚ್ ಕೊನೆಗೆ ಆ ಪುಟಗಳ ಚಿತ್ರ ತೆಗೆದು ಕಳುಹಿಸಿ. ಅವನ ಹೆಸರಿಗೇ ಉತ್ತರ ಬರೆಯುತ್ತೇನೆ.